ಮರುಭೂಮಿಯ ಸಣ್ಣ ಊರುಗಳಿಗೆ ಹೊರಟಿದ್ದೀರಾ? ಮ್ಯೂಸಿಯಂ ತೆರೆದಿರುವ ದಿನ ನೋಡಿ ದಾರಿ ಹಾಕಿ

ಪ್ರಶ್ನೆ: ಮಾರ್ಚ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಲಾಸ್ ಏಂಜಲೀಸ್‌ಗೆ ಹೋಗುತ್ತಿದ್ದೇನೆ. ಆರು ದಿನ ಬಾಡಿಗೆ ಕಾರಿನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿ ಸುತ್ತುವ ಆಸೆ ಇದೆ. ಲಾಸ್ ವೇಗಸ್ ಬೇಡ. ಸಣ್ಣ ಊರುಗಳು, ಅಲ್ಲಿನ ಮ್ಯೂಸಿಯಂಗಳು ಸಾಕು. ಅಪ್ಪನಿಗೆ ಗಣಿ, ರೈಲು, ಯಂತ್ರ ಅಂದರೆ ಪ್ರಾಣ. ಅಮ್ಮನಿಗೆ ಜಾಸ್ತಿ ನಡೆಯಲು ಆಗುವುದಿಲ್ಲ. ಯಾವ ದಾರಿ ಹಿಡಿಯಬೇಕು? ಈ ಮ್ಯೂಸಿಯಂಗಳಲ್ಲಿ ನಿಜವಾಗಿ ನೋಡುವಂಥದ್ದು ಇದೆಯಾ, ಇಲ್ಲ ಹಳೆ ಸಾಮಾನು ತುಂಬಿದ ಕೋಣೆಗಳಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೌದು, ಕೆಲವು ಹಳೆ ಸಾಮಾನು ತುಂಬಿದ ಕೋಣೆಗಳೇ. ತುಕ್ಕು ಹಿಡಿದ ಸಲಿಕೆ, ಬಣ್ಣ ಹೋದ ಗೌನು, ಯಾರದೋ ಹೊಲಿಗೆ ಮಿಷನ್ನು, ಖಾಲಿ ಔಷಧಿ ಬಾಟಲಿಗಳ ಸಾಲು. ಸುಮ್ನೆ ಒಂದು ಸುತ್ತು ಹಾಕಿ ಬಂದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೂರನೇ ಊರಿಗೆ ಬರುವಷ್ಟರಲ್ಲಿ ಎಲ್ಲ ಒಂದೇ ಥರ ಕಾಣುತ್ತದೆ. ಆದರೆ ಒಂದು ಪ್ರಶ್ನೆ ಇಟ್ಟುಕೊಂಡು ಒಳಗೆ ಹೋಗಿ ನೋಡಿ: ನೀರೇ ಇಲ್ಲದ ಈ ಜಾಗದಲ್ಲಿ ಊರು ಯಾಕೆ ಹುಟ್ಟಿತು? ಹುಟ್ಟಿದ್ದು ಯಾಕೆ ಉಳಿಯಿತು, ಅಥವಾ ಯಾಕೆ ಹಾಳಾಯಿತು? ಈ ದಾರಿಯ ಪ್ರತಿ ಊರೂ ಅದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತದೆ. ಒಂದು ಕಡೆ ಬಿಳಿಗಾರ, ಒಂದು ಕಡೆ ಚಿನ್ನ, ಒಂದು ಕಡೆ ನೌಕಾಪಡೆ, ಒಂದು ಕಡೆ ಸಿನಿಮಾ. ಆಗ ಆ ತುಕ್ಕು ಹಿಡಿದ ಸಲಿಕೆ ಕೂಡ ಮಾತಾಡುತ್ತದೆ.

ಎರಡನೇ ಮಾತು, ಇದು ದಾರಿಗಿಂತ ಮುಖ್ಯ. ದೂರ ನೋಡಿ ಪ್ಲಾನ್ ಮಾಡಬೇಡಿ, ಮ್ಯೂಸಿಯಂ ತೆರೆದಿರುವ ದಿನ ನೋಡಿ ಪ್ಲಾನ್ ಮಾಡಿ. ಇವುಗಳಲ್ಲಿ ಹೆಚ್ಚಿನವನ್ನು ನಡೆಸುವುದು ಊರಿನ ನಿವೃತ್ತರು, ಸಂಬಳವಿಲ್ಲದೆ. ಕೆಲವು ಶನಿವಾರ ಭಾನುವಾರ ಮಾತ್ರ ತೆರೆಯುತ್ತವೆ, ಕೆಲವು ಮಧ್ಯಾಹ್ನವೇ ಬಾಗಿಲು ಹಾಕುತ್ತವೆ, ಬೇಸಿಗೆ ಬಂದರೆ ವೇಳೆ ಮತ್ತೆ ಬದಲಾಗುತ್ತದೆ. ಇಂಟರ್‌ನೆಟ್‌ನಲ್ಲಿ ಕಾಣುವ ಸಮಯ ಎಷ್ಟೋ ಸಲ ಹಳೆಯದು. ಮೊದಲ ಸಲ ನಾನು ಒಂದು ಗಣಿ ಊರಿಗೆ ಮಂಗಳವಾರ ಹೋಗಿದ್ದೆ. ಮ್ಯೂಸಿಯಂಗೆ ಬೀಗ, ಹೋಟೆಲ್‌ಗೆ ಬೀಗ. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅವತ್ತಿನಿಂದ ಹಿಂದಿನ ದಿನ ಫೋನ್ ಮಾಡದೆ ನಾನು ಎಲ್ಲಿಗೂ ಹೋಗಿಲ್ಲ. ಫೋನ್ ಮಾಡಿದರೆ ಇನ್ನೊಂದು ಲಾಭವೂ ಇದೆ. ದೂರದಿಂದ ಬರುತ್ತಿದ್ದೇವೆ, ತಂದೆಗೆ ಗಣಿ ಅಂದರೆ ಇಷ್ಟ ಅಂತ ಹೇಳಿ. ವಿಷಯ ಚೆನ್ನಾಗಿ ಗೊತ್ತಿರುವವರು ಆ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳುತ್ತಾರೆ, ನನಗೆ ಇದು ಎಷ್ಟೋ ಸಲ ಆಗಿದೆ.

ಹಾಗಾಗಿ ಶನಿವಾರ ಬೆಳಿಗ್ಗೆ ಲಾಸ್ ಏಂಜಲೀಸ್ ಬಿಡಿ. ಶನಿವಾರ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ನಿಲ್ದಾಣ ಬೋರಾನ್. ಸುಮಾರು ಎರಡು ಗಂಟೆ ದಾರಿ. ಊರಿನ ಹೆಸರೇ ಮೂಲವಸ್ತುವಿನ ಹೆಸರು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಹಾಕುವ ಬಿಳಿಗಾರ ಇದೆಯಲ್ಲ, ಬೋರಾಕ್ಸ್, ಅದು ಇಲ್ಲಿ ನೆಲದಡಿ ರಾಶಿ ರಾಶಿ ಇದೆ. ಸಿಕ್ಕಿದ್ದು ಹೇಗೆ ಗೊತ್ತಾ? 1913ರಲ್ಲಿ ಜಾನ್ ಸಕೊ ಅನ್ನುವ ವೈದ್ಯರು ನೀರಿಗಾಗಿ ಬಾವಿ ಕೊರೆಸಿದರು, ಬಿಳಿಗಾರದ ಖನಿಜ ಸಿಕ್ಕಿತು. ನೀರು ಹುಡುಕಲು ಹೋಗಿ ಊರೇ ಹುಟ್ಟಿತು. ಇವತ್ತಿಗೂ ಪಕ್ಕದಲ್ಲೇ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ತೆರೆದ ಗಣಿ ಕೆಲಸ ಮಾಡುತ್ತಿದೆ, ಅದಕ್ಕೇ ಊರು ಉಳಿದಿದೆ.

ಇಲ್ಲಿನ ಮ್ಯೂಸಿಯಂ ಹೆಸರು ಟ್ವೆಂಟಿ ಮ್ಯೂಲ್ ಟೀಮ್ ಮ್ಯೂಸಿಯಂ. ಇಪ್ಪತ್ತು ಹೇಸರಗತ್ತೆಗಳ ಬಂಡಿಯ ಹೆಸರು ಅದು. ಈ ಬಂಡಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇದು ಅರ್ಥವಾದರೆ ಮುಂದಿನ ಐದು ದಿನದ ಅರ್ಧ ಕಥೆ ಅರ್ಥವಾದ ಹಾಗೆ. 1883ರಿಂದ 1889ರವರೆಗೆ ಡೆತ್ ವ್ಯಾಲಿ ಅನ್ನುವ ಸುಡುಬಿಸಿಲಿನ ಕಣಿವೆಯ ಬಿಳಿಗಾರವನ್ನು ಮೊಹಾವಿ ಊರಿನ ರೈಲು ನಿಲ್ದಾಣಕ್ಕೆ ಸಾಗಿಸಿದ್ದು ಈ ಬಂಡಿಗಳು. ದೂರ ಸುಮಾರು 265 ಕಿಲೋಮೀಟರ್, ಒಂದು ಕಡೆಗೆ ಹತ್ತು ದಿನ. ಎರಡು ದೊಡ್ಡ ಬಂಡಿ, ಹಿಂದೆ ಸುಮಾರು 4,500 ಲೀಟರ್ ನೀರಿನ ಟ್ಯಾಂಕು, ಎಲ್ಲ ಸೇರಿ ಮೂವತ್ತು ಟನ್‌ಗಿಂತ ಜಾಸ್ತಿ ಭಾರ. ಹಿಂದಿನ ಚಕ್ರಗಳು ಏಳು ಅಡಿ ಎತ್ತರ, ಅಂದರೆ ನಿಮ್ಮ ಅಪ್ಪ ಪಕ್ಕದಲ್ಲಿ ನಿಂತರೆ ಚಕ್ರವೇ ಅವರಿಗಿಂತ ಎತ್ತರ. ಎಳೆಯುತ್ತಿದ್ದದ್ದು ಸಾಮಾನ್ಯವಾಗಿ ಹದಿನೆಂಟು ಹೇಸರಗತ್ತೆ, ಬಂಡಿಯ ಹತ್ತಿರ ಎರಡು ಕುದುರೆ.

ಈ ಇಪ್ಪತ್ತನ್ನೂ ನಡೆಸಲು ಇದ್ದದ್ದು ಒಂದೇ ಉದ್ದನೆಯ ಹಗ್ಗ, ಮುಂದಿನ ಪ್ರಾಣಿಯವರೆಗೆ. ಒಮ್ಮೆ ಎಳೆದರೆ ಒಂದು ಕಡೆ ತಿರುಗು, ಜಗ್ಗಿ ಜಗ್ಗಿ ಬಿಟ್ಟರೆ ಇನ್ನೊಂದು ಕಡೆ. ಎಲ್ಲದರ ನಡುವೆ ಒಂದು ಉದ್ದನೆಯ ಸರಪಳಿ. ಈಗ ಬೆಟ್ಟದ ತಿರುವು ಬಂತು ಅಂದುಕೊಳ್ಳಿ. ಮುಂದಿನವು ಆಗಲೇ ತಿರುಗಿವೆ, ಸರಪಳಿ ಬಿಗಿಯಾಗಿ ಒಳಗಡೆಗೆ ಜಗ್ಗುತ್ತಿದೆ, ಹಾಗೇ ಬಿಟ್ಟರೆ ಬಂಡಿ ಕಡಿದಾದ ಅಂಚಿನ ಕಡೆ ಹೋಗುತ್ತದೆ. ಆಗ ಬಂಡಿಗೆ ಹತ್ತಿರದ ಕೆಲವು ಜೋಡಿಗಳು ಸರಪಳಿಯನ್ನು ಹಾರಿ ದಾಟಿ, ತಿರುವಿಗೆ ಎದುರು ದಿಕ್ಕಿನಲ್ಲಿ ಓರೆಯಾಗಿ ಎಳೆಯಬೇಕು. ತಿರುವು ಮುಗಿದ ಮೇಲೆ ಮತ್ತೆ ಹಾರಿ ತಮ್ಮ ಜಾಗಕ್ಕೆ ಬರಬೇಕು. ಇದನ್ನು ಕಲಿಸುತ್ತಿದ್ದರು, ಅವು ಕಲಿಯುತ್ತಿದ್ದವು! ಮ್ಯೂಸಿಯಂನಲ್ಲಿ ಇದರ ಬಗ್ಗೆ ಕೇಳಿ, ಪೆನ್ನು ಪೇಪರ್ ತೆಗೆದು ಬರೆದು ತೋರಿಸುತ್ತಾರೆ.

ಬೋರಾನ್‌ನಿಂದ 395ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ರ‍್ಯಾಂಡ್ಸ್‌ಬರ್ಗ್. ಶನಿವಾರ ಅಂದಿದ್ದು ಇದಕ್ಕೇ, ಇಲ್ಲಿನ ಮ್ಯೂಸಿಯಂಗೆ ವಾರದ ಕೊನೆಯಲ್ಲೇ ಜೀವ. 1895ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಸೀಮೆ ವಿಟ್‌ವಾಟರ್ಸ್‌ರ‍್ಯಾಂಡ್ ನೆನಪಿಗೆ ರ‍್ಯಾಂಡ್ ಅಂತ ಹೆಸರಿಟ್ಟರು. ಚಿನ್ನ ಕಡಿಮೆಯಾಗುವ ಹೊತ್ತಿಗೆ ಹತ್ತಿರದಲ್ಲೇ ಟಂಗ್‌ಸ್ಟನ್, ಆಮೇಲೆ 1919ರಲ್ಲಿ ಬೆಳ್ಳಿ. ಈಗ ಊರಲ್ಲಿ ನೂರು ಜನವೂ ಇಲ್ಲ. ಆದರೂ ಪೂರ್ತಿ ಸತ್ತಿಲ್ಲ. ಒಂದೇ ಬೀದಿ, ಮರದ ಮನೆಗಳು, ಹಳೆ ಜನರಲ್ ಸ್ಟೋರ್, ಗಣಿಯ ಕಲ್ಲು ಪುಡಿ ಮಾಡುವ ಯಂತ್ರಗಳು ರಸ್ತೆ ಬದಿಯಲ್ಲೇ ನಿಂತಿವೆ. ಅಮ್ಮನಿಗೆ ಇಲ್ಲಿ ಸುಲಭ. ಕಾರು ನಿಲ್ಲಿಸಿ ನೂರು ಹೆಜ್ಜೆ ಹಾಕಿದರೆ ಊರು ಮುಗಿಯಿತು. ಅಪ್ಪನನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದು ಕಷ್ಟ ಆಗಬಹುದು. ಒಂದು ಎಚ್ಚರಿಕೆ: ಸುತ್ತಮುತ್ತಲಿನ ಗುಡ್ಡಗಳಲ್ಲಿ ಹಳೆ ಗಣಿ ಗುಂಡಿಗಳಿವೆ. ಬೇಲಿ ಇರಲಿ ಇಲ್ಲದಿರಲಿ, ಹತ್ತಿರ ಹೋಗಬೇಡಿ. ಅಂಚಿನ ಮಣ್ಣು ಕುಸಿಯುತ್ತದೆ, ಒಳಗಿನ ಗಾಳಿಯೂ ಕೆಟ್ಟಿರುತ್ತದೆ.

ರಾತ್ರಿಗೆ ರಿಡ್ಜ್‌ಕ್ರೆಸ್ಟ್. ಈ ಊರು ಇರುವುದು ಪಕ್ಕದ ಚೈನಾ ಲೇಕ್ ನೌಕಾ ನೆಲೆಯಿಂದ. ಸಮುದ್ರದಿಂದ ಇಷ್ಟು ದೂರ ನೌಕಾಪಡೆ ಯಾಕೆ ಅಂತ ಅಪ್ಪ ಕೇಳೇ ಕೇಳುತ್ತಾರೆ. 1943ರಲ್ಲಿ ರಾಕೆಟ್ ಪರೀಕ್ಷೆ ಮಾಡಲು ಖಾಲಿ ಜಾಗ, ತಿಳಿ ಆಕಾಶ ಬೇಕಿತ್ತು, ಅಷ್ಟೆ. ಭಾನುವಾರ ಬೆಳಿಗ್ಗೆ ಇಲ್ಲಿನ ಮಟುರಾಂಗೊ ಮ್ಯೂಸಿಯಂ ನೋಡಿ. ಕೋಸೊ ಬೆಟ್ಟಗಳ ಕಲ್ಲಿನ ಮೇಲೆ ಮೂಲನಿವಾಸಿಗಳು ಕೆತ್ತಿದ ಸಾವಿರಾರು ಚಿತ್ರಗಳಿವೆ, ಜಾಸ್ತಿ ಕಾಣುವುದು ದೊಡ್ಡ ಕೊಂಬಿನ ಕಾಡುಕುರಿ. ಮೂಲ ಕಣಿವೆ ನೌಕಾ ನೆಲೆಯ ಒಳಗಿದೆ, ಅಲ್ಲಿಗೆ ಕರೆದುಕೊಂಡು ಹೋಗುವ ಪ್ರವಾಸಕ್ಕೆ ಅಮೆರಿಕದ ಪ್ರಜೆಗಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಭಾರತದ ಪಾಸ್‌ಪೋರ್ಟ್‌ನಲ್ಲಿ ಆಗುವುದಿಲ್ಲ, ಅದಕ್ಕೆ ಆಸೆ ಇಟ್ಟುಕೊಳ್ಳಬೇಡಿ. ಮ್ಯೂಸಿಯಂನಲ್ಲಿ ಆ ಚಿತ್ರಗಳ ಬಗ್ಗೆ ಚೆನ್ನಾಗಿ ಹೇಳಿದ್ದಾರೆ, ಅಷ್ಟು ಸಾಕು.

ಮಧ್ಯಾಹ್ನ ಟ್ರೋನಾಗೆ ಹೋಗಿ ಬನ್ನಿ, ಸುಮಾರು 40 ಕಿಲೋಮೀಟರ್. ಇದು ಚಂದದ ಊರಲ್ಲ. ಗಾಳಿಯಲ್ಲಿ ವಾಸನೆ ಇರುತ್ತದೆ, ಎಷ್ಟೋ ಮನೆ ಖಾಲಿ, 2019ರ ಜುಲೈನಲ್ಲಿ ಎರಡು ದಿನದಲ್ಲಿ ಬಂದ 6.4 ಮತ್ತು 7.1ರ ಭೂಕಂಪಗಳಿಂದ ತುಂಬ ಪೆಟ್ಟು ತಿಂದ ಊರು. ಆದರೆ ನನಗೆ ಇದು ಇಷ್ಟ. ಒಣಗಿದ ಸರ್ಲ್ಸ್ ಸರೋವರದಿಂದ ಉಪ್ಪು, ಸೋಡಾ ತೆಗೆಯುವ ಕೆಲಸ ಇಲ್ಲಿ ಇನ್ನೂ ನಿಂತಿಲ್ಲ. ಟ್ರೋನಾ ಅನ್ನುವುದೂ ಒಂದು ಖನಿಜದ ಹೆಸರೇ. ನೆಲ ಎಷ್ಟು ಉಪ್ಪು ಅಂದರೆ ಇಲ್ಲಿನ ಹೈಸ್ಕೂಲಿನ ಫುಟ್‌ಬಾಲ್ ಮೈದಾನದಲ್ಲಿ ಹುಲ್ಲಿಲ್ಲ, ಮಕ್ಕಳು ಮರಳಿನ ಮೇಲೇ ಆಡುತ್ತಾರೆ. ಊರಿನ ಇತಿಹಾಸ ಸಂಘದವರು ಹಳೆ ಅತಿಥಿಗೃಹದಲ್ಲಿ ಮ್ಯೂಸಿಯಂ ಇಟ್ಟಿದ್ದಾರೆ. ಇದಕ್ಕಂತೂ ಮೊದಲೇ ಫೋನ್ ಮಾಡಲೇಬೇಕು. ಇಲ್ಲೂ ಗಣಿ ಕಂಪನಿಯ ಕಥೆ ಇದೆ, ಆದರೆ ಜಾಸ್ತಿ ಇರುವುದು ಇಲ್ಲಿ ಬದುಕಿದವರ ಸಾಮಾನು.

ಟ್ರೋನಾ ಹತ್ತಿರ ಪಿನಕಲ್ಸ್ ಅಂತ ಇದೆ. ಹಳೆ ಸರೋವರದ ತಳದಲ್ಲಿ ಬೆಳೆದ ಸುಣ್ಣಕಲ್ಲಿನ ಐನೂರಕ್ಕೂ ಹೆಚ್ಚು ಗೋಪುರಗಳು. ನೋಡಲು ಅದ್ಭುತ, ಆದರೆ ಕೊನೆಯ ಎಂಟು ಕಿಲೋಮೀಟರ್ ಮಣ್ಣು ರಸ್ತೆ. ಬಾಡಿಗೆ ಕಾರಿನ ಒಪ್ಪಂದವನ್ನು ಓದಿ. ಎಷ್ಟೋ ಕಡೆ ಡಾಂಬರು ಬಿಟ್ಟು ಇಳಿದರೆ ವಿಮೆ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಒಮ್ಮೆ ನಾನು ಇಂಥದ್ದೇ ಒಂದು ರಸ್ತೆಯಲ್ಲಿ ಟೈರ್ ಹರಿದುಕೊಂಡೆ. ಎಳೆಯುವ ಗಾಡಿ ಬರಲು ಐದು ಗಂಟೆ ಆಯಿತು, ಖರ್ಚೆಲ್ಲ ನನ್ನ ತಲೆ ಮೇಲೆ ಬಂತು. ವಯಸ್ಸಾದವರು ಜೊತೆಯಲ್ಲಿದ್ದರೆ ಆ ಐದು ಗಂಟೆ ಯೋಚಿಸಿ. ದೂರದಿಂದ ನೋಡಿ ಮುಂದೆ ಹೋಗಿ ಅನ್ನುವುದು ನನ್ನ ಮಾತು.

ಸಂಜೆಗೆ ಲೋನ್ ಪೈನ್. ಇಲ್ಲಿ ಮೂರು ರಾತ್ರಿ ಇರಿ, ದಿನಾ ಪೆಟ್ಟಿಗೆ ಕಟ್ಟುವ ಕೆಲಸ ಇಲ್ಲ, ಅಮ್ಮನಿಗೂ ವಿಶ್ರಾಂತಿ. ಒಂದು ಕಡೆ 4,421 ಮೀಟರ್ ಎತ್ತರದ ವಿಟ್ನಿ ಶಿಖರ, ಮಾರ್ಚ್‌ನಲ್ಲಿ ಹಿಮ ಹೊತ್ತಿರುತ್ತದೆ. ಅದರ ಕೆಳಗೆ ಅಲಬಾಮಾ ಹಿಲ್ಸ್ ಅನ್ನುವ ಗುಂಡು ಬಂಡೆಗಳ ಗುಡ್ಡ. 1920ರಿಂದ ಇಲ್ಲಿ ಸಿನಿಮಾ ತೆಗೆಯುತ್ತಿದ್ದಾರೆ, ಕೌಬಾಯ್ ಸಿನಿಮಾಗಳೇ ಜಾಸ್ತಿ. ಊರಿನ ಸಿನಿಮಾ ಮ್ಯೂಸಿಯಂ ಚೆನ್ನಾಗಿದೆ, ಕಾರು, ಉಡುಪು, ಪೋಸ್ಟರ್ ಎಲ್ಲ ಇವೆ. 1939ರ ಒಂದು ಹಾಲಿವುಡ್ ಸಿನಿಮಾದಲ್ಲಿ ಇದೇ ಬಂಡೆಗಳು ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿಯಾಗಿದ್ದವು. ಅದರ ಫೋಟೊಗಳನ್ನು ತೋರಿಸಿ ಅಂತ ಕೇಳಿ.

ಆದರೆ ಮ್ಯೂಸಿಯಂನಲ್ಲಿ ಇಲ್ಲದ ಒಂದು ಜಾಗಕ್ಕೂ ಹೋಗಿ. ಊರಿನ ಉತ್ತರಕ್ಕೆ ರಸ್ತೆ ಪಕ್ಕದಲ್ಲೇ ಒಂದು ಸಣ್ಣ ಬೇಲಿ ಹಾಕಿದ ಸಮಾಧಿ ಇದೆ. 1872ರ ಮಾರ್ಚ್ 26ರ ಬೆಳಗಿನ ಜಾವ ಭೂಕಂಪ ಬಂತು, ಮಣ್ಣಿನ ಇಟ್ಟಿಗೆ ಮನೆಗಳು ಮಲಗಿದ್ದವರ ಮೇಲೆ ಬಿದ್ದವು. ಆ ಸಣ್ಣ ಊರಿನಲ್ಲಿ 27 ಜನ ಸತ್ತರು. ಅವರಲ್ಲಿ ಹಲವರು ಒಟ್ಟಿಗೆ ಇಲ್ಲಿ ಮಲಗಿದ್ದಾರೆ.

ಸೋಮವಾರ ಮಂಜನಾರ್. ಲೋನ್ ಪೈನ್‌ನಿಂದ ಹದಿನೈದು ಕಿಲೋಮೀಟರ್ ಅಷ್ಟೆ. ಇದಕ್ಕೆ ಅರ್ಧ ದಿನ ಪೂರ್ತಿ ಇಡಿ, ಅವಸರ ಮಾಡಬೇಡಿ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಜೊತೆ ಯುದ್ಧ ಶುರುವಾದಾಗ, 1942ರಲ್ಲಿ ಅಧ್ಯಕ್ಷರ ಆದೇಶ ಹೊರಟಿತು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ಹತ್ತು ಶಿಬಿರಗಳಲ್ಲಿ ಕೂಡಿಹಾಕಿದರು. ಅದರಲ್ಲಿ ಇದೊಂದು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ತಪ್ಪು ಮಾಡಿದ್ದಾರೆ ಅಂತಲ್ಲ, ವಿಚಾರಣೆಯೂ ಇಲ್ಲ. ಇಲ್ಲಿ ಒಂದು ಹೊತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು. ಮರದ ಹಲಗೆಯ ಬ್ಯಾರಕ್‌ಗಳು, ಹಲಗೆಯ ಗಂಟು ಉದುರಿದ ತೂತುಗಳಿಂದ ಒಳಗೆ ನುಗ್ಗುವ ಮರಳು, ಸುತ್ತ ಮುಳ್ಳುತಂತಿ, ಎಂಟು ಕಾವಲು ಗೋಪುರ. ಆಗ ಶಿಬಿರದ ಹೈಸ್ಕೂಲಿನ ಸಭಾಂಗಣವಾಗಿದ್ದ ಕಟ್ಟಡದಲ್ಲೇ ಈಗ ಮ್ಯೂಸಿಯಂ ಇದೆ. ಒಳಗೆ ಎತ್ತರದಿಂದ ಇಳಿಬಿಟ್ಟ ಒಂದು ದೊಡ್ಡ ಬಟ್ಟೆ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರುಗಳು, ಹೆಸರುಗಳು, ಸಾವಿರಾರು ಹೆಸರುಗಳು. ಪ್ರವೇಶಕ್ಕೆ ದುಡ್ಡಿಲ್ಲ. ಹೊರಗಡೆ ಕಾರಿನಲ್ಲೇ ಸುತ್ತಬಹುದು, ಅಮ್ಮನಿಗೆ ತೊಂದರೆ ಇಲ್ಲ.

ಕಾರಿನಿಂದ ಇಳಿಯಬೇಕಾದದ್ದು ಎರಡು ಕಡೆ. ಒಂದು, ಸ್ಮಶಾನದ ಬಿಳಿ ಸ್ತಂಭ. 1943ರಲ್ಲಿ ಶಿಬಿರದವರೇ ಕಟ್ಟಿದ್ದು, ಸತ್ತವರ ಆತ್ಮಕ್ಕೆ ಸಮಾಧಾನ ಸಿಗಲಿ ಅಂತ. ಇನ್ನೊಂದು, ತೋಟಗಳು. ಕೂಡಿಹಾಕಿದ ಜಾಗದಲ್ಲಿ ಆ ಜನ ಕೊಳ ತೋಡಿದರು, ಬಂಡೆ ಹೊತ್ತು ತಂದು ಜೋಡಿಸಿದರು, ಸೇತುವೆ ಕಟ್ಟಿದರು. ಊಟಕ್ಕೆ ಸಾಲಿನಲ್ಲಿ ನಿಂತಾಗ ನೋಡಲು ಏನಾದರೂ ಚಂದದ್ದು ಇರಲಿ ಅಂತ ಊಟದ ಮನೆಗಳ ಪಕ್ಕದಲ್ಲೇ ಮಾಡಿದರು. ಶಿಬಿರ ಮುಚ್ಚಿದ ಮೇಲೆ ಮರಳು ಎಲ್ಲವನ್ನೂ ಮುಚ್ಚಿತ್ತು, ಈಗ ಅಗೆದು ತೆಗೆದಿದ್ದಾರೆ. ಕೊಳಗಳಲ್ಲಿ ನೀರಿಲ್ಲ. ಬಗ್ಗಿ ಕಾಂಕ್ರೀಟ್ ಅಂಚುಗಳನ್ನು ನೋಡಿ. ಹಸಿ ಇದ್ದಾಗ ಬೆರಳಿನಲ್ಲೋ ಕಡ್ಡಿಯಲ್ಲೋ ಗೀಚಿದ ಬರಹ ಕೆಲವು ಕಡೆ ಇನ್ನೂ ಹಾಗೇ ಇದೆ. ನಾನು ಪ್ರತಿ ಸಲ ಅಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತೇನೆ. ಇಷ್ಟು ವರ್ಷ ಆದರೂ ಗಂಟಲು ಕಟ್ಟುತ್ತದೆ.

ಮಂಜನಾರ್ ಅಂದರೆ ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ. ನಿಜವಾಗಿಯೂ ಇಲ್ಲಿ ಸೇಬು ಬೆಳೆಯುತ್ತಿತ್ತು. ಹಾಗಾದರೆ ಮರುಭೂಮಿ ಯಾಕಾಯಿತು? ಇದಕ್ಕೆ ಉತ್ತರ ಮಂಗಳವಾರದ ಊರಿನಲ್ಲಿದೆ, ಇಂಡಿಪೆಂಡೆನ್ಸ್. ಲೋನ್ ಪೈನ್‌ನಿಂದ 25 ಕಿಲೋಮೀಟರ್. ಇಡೀ ದಾರಿಯಲ್ಲಿ ಒಂದೇ ಒಂದು ಮ್ಯೂಸಿಯಂ ನೋಡಲು ಸಮಯ ಇದ್ದರೆ ಯಾವುದು ಅಂತ ಕೇಳಿದರೆ ನಾನು ಇಲ್ಲಿನ ಈಸ್ಟರ್ನ್ ಕ್ಯಾಲಿಫೋರ್ನಿಯಾ ಮ್ಯೂಸಿಯಂ ಅನ್ನುತ್ತೇನೆ. 1928ರಿಂದ ಇದೆ. ಒಂದು ಹಳೆ ಜಿಲ್ಲೆಯ ಎಲ್ಲ ನೆನಪೂ ಒಂದೇ ಸೂರಿನಡಿ ಇದೆ.

ನೇರವಾಗಿ ಇಲ್ಲಿನ ಮೂಲನಿವಾಸಿಗಳಾದ ಪಾಯೂಟ್ ಮತ್ತು ಶೊಶೋನಿ ಹೆಂಗಸರ ಬುಟ್ಟಿಗಳ ಹತ್ತಿರ ಹೋಗಿ. ಅದರಲ್ಲಿ ನೀರಿನ ಬುಟ್ಟಿ ಹುಡುಕಿ. ಬುಟ್ಟಿಯಲ್ಲಿ ನೀರು ಹೇಗೆ ನಿಲ್ಲುತ್ತದೆ ಅಲ್ವಾ? ವಿಲೋ ಗಿಡದ ಸಣ್ಣ ಕಡ್ಡಿಗಳನ್ನು ಬಿಗಿಯಾಗಿ ಹೆಣೆದಿರುತ್ತಾರೆ. ಹೊಟ್ಟೆ ಅಗಲ, ಕತ್ತು ಸಣ್ಣದು, ಚೆಲ್ಲಬಾರದು, ಬಿಸಿಲಿಗೆ ಆರಬಾರದು ಅಂತ. ಮೇಲೆ ಪೈನ್ ಮರದ ಅಂಟನ್ನು ಕಾಯಿಸಿ ಬಳಿದಿರುತ್ತಾರೆ, ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿರುತ್ತದೆ. ಪಕ್ಕದಲ್ಲಿ ಎರಡು ಕುಣಿಕೆ, ಅದಕ್ಕೆ ಪಟ್ಟಿ ಕಟ್ಟಿ ಬೆನ್ನಿಗೆ ಹೊರುತ್ತಿದ್ದರು. ಮಡಕೆಯಾದರೆ ಬಿದ್ದರೆ ಒಡೆಯುತ್ತದೆ, ಇದು ಒಡೆಯುವುದಿಲ್ಲ. ಸದಾ ಓಡಾಡುವ ಜನ ಮರುಭೂಮಿಯಲ್ಲಿ ನೀರಿಗೆ ಕಂಡುಕೊಂಡ ದಾರಿ ಇದು. ಒಂದು ಕೊಡಕ್ಕಿಂತ ಹಗುರ. ಅಮ್ಮನಿಗೆ ಇದು ಖಂಡಿತ ಇಷ್ಟ ಆಗುತ್ತದೆ, ಹೆಣಿಗೆ ಗೊತ್ತಿರುವವರಿಗೆ ಆ ಕೈಯ ಬೆಲೆ ಬೇಗ ತಿಳಿಯುತ್ತದೆ.

ಇವರೇ ಈ ಓವೆನ್ಸ್ ಕಣಿವೆಯಲ್ಲಿ ಬೆಟ್ಟದ ತೊರೆಗಳಿಗೆ ಅಡ್ಡ ಕಟ್ಟಿ, ಕಾಲುವೆ ತೋಡಿ, ಗೆಡ್ಡೆ ಗೆಣಸು ಬೆಳೆಯುವ ಹುಲ್ಲುಗಾವಲಿಗೆ ನೀರು ಹಾಯಿಸುತ್ತಿದ್ದವರು. ಆಮೇಲೆ ದನ ಸಾಕುವ ಬಿಳಿಯರು ಬಂದರು, ಜಗಳ ಶುರುವಾಯಿತು, 1862ರ ಜುಲೈ 4ರಂದು ಸೈನ್ಯ ಇಲ್ಲಿ ಠಾಣೆ ಹಾಕಿತು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ, ಅದಕ್ಕೆ ಊರಿನ ಹೆಸರು ಇಂಡಿಪೆಂಡೆನ್ಸ್. ಮರುವರ್ಷ ಪಾಯೂಟ್ ಜನರನ್ನು, ಸುಮಾರು 900 ಮಂದಿಯನ್ನು, ಬೇಸಿಗೆಯ ಬಿಸಿಲಿನಲ್ಲಿ ದೂರದ ಟೆಹೋನ್ ಕೋಟೆಗೆ ನಡೆಸಿಕೊಂಡು ಹೋದರು. ಅಲ್ಲಿಂದ ಐವತ್ತು ವರ್ಷಕ್ಕೆ, 1913ರಲ್ಲಿ, ಲಾಸ್ ಏಂಜಲೀಸ್ ನಗರ 375 ಕಿಲೋಮೀಟರ್ ಉದ್ದದ ಕಾಲುವೆ ಮಾಡಿ ಓವೆನ್ಸ್ ನದಿಯ ನೀರನ್ನು ತಿರುಗಿಸಿಕೊಂಡಿತು. ಪಂಪು ಇಲ್ಲ, ಪೂರ್ತಿ ಇಳಿಜಾರಿನಲ್ಲೇ ಹರಿಯುತ್ತದೆ, ಎಂಜಿನಿಯರಿಂಗ್ ಆಗಿ ಅದು ದೊಡ್ಡ ಕೆಲಸವೇ. ಆದರೆ ಸೇಬಿನ ತೋಟ ಒಣಗಿತು. ಲೋನ್ ಪೈನ್ ದಕ್ಷಿಣಕ್ಕೆ ಇದ್ದ ಓವೆನ್ಸ್ ಸರೋವರ ಬತ್ತಿ ಉಪ್ಪಿನ ಧೂಳು ಏಳತೊಡಗಿತು. ಈಗ ಆ ಧೂಳು ಅಡಗಿಸಲು ನಗರವೇ ಸರೋವರದ ತಳಕ್ಕೆ ನೀರು ಬಿಡುತ್ತಿದೆ. ಒಂದೇ ನೀರು, ಮೂರು ಕೈ ಕಂಡಿತು. ಪಾಯೂಟರ ಕಾಲುವೆ, ರೈತರ ತೋಟ, ನಗರದ ನಲ್ಲಿ. ಬುಟ್ಟಿ ನೋಡಿ ಹೊರಗೆ ಬಂದು ಆ ಒಣ ಬಯಲು ನೋಡಿದರೆ ಮಂಜನಾರ್ ಹೆಸರು ಬೇರೆ ಥರ ಕೇಳಿಸುತ್ತದೆ.

ಅದೇ ಮಧ್ಯಾಹ್ನ ಅಪ್ಪನಿಗಾಗಿ ಬಿಷಪ್ ಹತ್ತಿರದ ಲಾಸ್ ರೈಲ್ವೆ ಮ್ಯೂಸಿಯಂಗೆ ಹೋಗಿ, ಇನ್ನೊಂದು ಎಪ್ಪತ್ತು ಎಪ್ಪತ್ತೈದು ಕಿಲೋಮೀಟರ್. 1883ರಲ್ಲಿ ಬಂದ ನ್ಯಾರೋಗೇಜ್ ರೈಲು 1960ರವರೆಗೆ ಓಡಿತು. ನಿಲ್ದಾಣ, ಕೊನೆಯ ಉಗಿಬಂಡಿಗಳಲ್ಲಿ ಒಂದಾದ 9ನೇ ನಂಬರಿನ ಎಂಜಿನ್, ಸುತ್ತ ಜೋಡಿಸಿದ ಹಳೆ ಮನೆಗಳು, ಎಲ್ಲ ಇವೆ. ಎಂಜಿನ್ ಹತ್ತಿರ ಅಪ್ಪನನ್ನು ಬಿಟ್ಟು ನೀವಿಬ್ಬರೂ ನೆರಳಿನಲ್ಲಿ ಕೂತುಕೊಳ್ಳಿ.

ಬುಧವಾರ ದೊಡ್ಡ ದಾರಿ, ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನ ದಾಟಿ ನೆವಾಡಾದ ಬೀಟಿಗೆ. ಲೋನ್ ಪೈನ್‌ನಲ್ಲೇ ಟ್ಯಾಂಕ್ ತುಂಬಿಸಿ, ಉದ್ಯಾನದ ಒಳಗೆ ಪೆಟ್ರೋಲ್ ಸಿಗುತ್ತದೆ ಆದರೆ ಬೆಲೆ ತುಂಬ ಜಾಸ್ತಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಿನಲ್ಲಿರಲಿ. ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. 190ನೇ ರಸ್ತೆ ಸುಮಾರು 1,500 ಮೀಟರ್ ಎತ್ತರದ ಟೌನ್ ಪಾಸ್ ಹತ್ತಿ ಮತ್ತೆ ಸಮುದ್ರಮಟ್ಟಕ್ಕೆ ಇಳಿಯುತ್ತದೆ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ, ಕೆಳಗಿನ ಗೇರ್‌ಗೆ ಹಾಕಿ. ಉದ್ಯಾನದ ಪ್ರವೇಶ ಒಂದು ಕಾರಿಗೆ ಏಳು ದಿನಕ್ಕೆ 30 ಡಾಲರ್, ಕಾರ್ಡ್ ಇಟ್ಟುಕೊಂಡಿರಿ. ಉಲ್ಟಾ ಮಾತು ಅಂದರೆ ಸಣ್ಣ ಮ್ಯೂಸಿಯಂಗಳಿಗೆ ಚಿಲ್ಲರೆ ನೋಟು ಬೇಕು. ಹೆಚ್ಚಿನ ಕಡೆ ಟಿಕೆಟ್ ಇಲ್ಲ, ಬಾಗಿಲಲ್ಲಿ ಒಂದು ಡಬ್ಬಿ ಇರುತ್ತದೆ. ದಯವಿಟ್ಟು ಐದೋ ಹತ್ತೋ ಡಾಲರ್ ಹಾಕಿ, ಅವರ ಕರೆಂಟ್ ಬಿಲ್ಲಿಗೂ ಅದೇ ದುಡ್ಡು.

ಫರ್ನೇಸ್ ಕ್ರೀಕ್‌ನಲ್ಲಿ ಹಾರ್ಮನಿ ಬೋರಾಕ್ಸ್ ಕಾರ್ಖಾನೆಯ ಅವಶೇಷ ಇದೆ, ಸಣ್ಣ ಡಾಂಬರು ಕಾಲುದಾರಿ, ಅಮ್ಮ ನಡೆಯಬಹುದು. ಶನಿವಾರ ಬೋರಾನ್‌ನಲ್ಲಿ ಕೇಳಿದ ಬಂಡಿಗಳು ಹೊರಡುತ್ತಿದ್ದದ್ದು ಇಲ್ಲಿಂದಲೇ. ಉಪ್ಪಿನ ಬಯಲಿನಿಂದ ಬಿಳಿಗಾರ ಕೆರೆದು ತರುತ್ತಿದ್ದವರು ಚೀನಾದಿಂದ ಬಂದ ಕೂಲಿಗಳು, ದಿನಕ್ಕೆ ಸುಮಾರು 1.30 ಡಾಲರ್, ಅದರಲ್ಲೇ ಊಟ ವಸತಿ ಕಡಿತ. ಬೇಸಿಗೆಯಲ್ಲಿ ಕಾರ್ಖಾನೆಯನ್ನೇ ನಿಲ್ಲಿಸುತ್ತಿದ್ದರು. ಕೂಲಿಗಳ ಮೇಲಿನ ಕರುಣೆಯಿಂದಲ್ಲ. ಅಷ್ಟು ಸೆಕೆಯಲ್ಲಿ ದ್ರಾವಣ ತಣ್ಣಗಾಗದೆ ಬಿಳಿಗಾರ ಹರಳುಗಟ್ಟುತ್ತಿರಲಿಲ್ಲ. ಇದೇ ಜಾಗದಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ನೀವು ಮಾರ್ಚ್ ಆರಿಸಿಕೊಂಡಿದ್ದು ಒಳ್ಳೆಯದಾಯಿತು, ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ವಯಸ್ಸಾದವರನ್ನು ಈ ದಾರಿಗೆ ಕರೆತರಬೇಡಿ ಅಂತಲೇ ನಾನು ಹೇಳುತ್ತಿದ್ದೆ.

ಗುರುವಾರ ಬೆಳಿಗ್ಗೆ ಬೀಟಿ ಮ್ಯೂಸಿಯಂ, ಆಮೇಲೆ ಆರೇಳು ಕಿಲೋಮೀಟರ್ ದೂರದ ರಯೊಲೈಟ್. ಇವೆರಡನ್ನೂ ಒಟ್ಟಿಗೆ ನೋಡಬೇಕು. 1904ರಲ್ಲಿ ಚಿನ್ನ ಸಿಕ್ಕ ಮೇಲೆ ರಯೊಲೈಟ್ ಸಾವಿರಾರು ಜನರ ಪಟ್ಟಣವಾಯಿತು. ಮೂರು ಮಹಡಿಯ ಬ್ಯಾಂಕು, ಕರೆಂಟು, ರೈಲು, ಶಾಲೆ. 1910ರ ಜನಗಣತಿಗೆ 675 ಜನ, 1916ಕ್ಕೆ ಕರೆಂಟೂ ಹೋಯಿತು. ಬ್ಯಾಂಕಿನ ಗೋಡೆ ಈಗಲೂ ಅರ್ಧ ನಿಂತಿದೆ. ಬೀಟಿ ಮಾತ್ರ ಉಳಿಯಿತು. ಅಲ್ಲಿ ಅಮರ್ಗೋಸಾ ನದಿಯ ಒರತೆ ನೀರಿತ್ತು, ಆಮೇಲೆ ಹೆದ್ದಾರಿಯೂ ಬಂತು. ಚಿನ್ನ ಇದ್ದ ಊರು ಹೋಯಿತು, ನೀರಿದ್ದ ಊರು ಇದೆ. ರಯೊಲೈಟ್ ಬಾಗಿಲಲ್ಲೇ ಗೋಲ್ಡ್‌ವೆಲ್ ಅನ್ನುವ ಬಯಲು ಮ್ಯೂಸಿಯಂ ಇದೆ. ಬೆಲ್ಜಿಯಂನ ಕಲಾವಿದ ಆಲ್ಬರ್ಟ್ ಶುಕಾಲ್ಸ್ಕಿ 1984ರಲ್ಲಿ ನಿಜವಾದ ಜನರ ಮೇಲೆ ಪ್ಲಾಸ್ಟರ್ ಅದ್ದಿದ ಬಟ್ಟೆ ಹೊದಿಸಿ, ಗಟ್ಟಿಯಾದ ಮೇಲೆ ಅವರನ್ನು ಹೊರಗೆ ಬಿಟ್ಟು, ಒಳಗೆ ಯಾರೂ ಇಲ್ಲದ ಮುಸುಕುಗಳ ಸಾಲು ಮಾಡಿದರು. ಯಾವಾಗಲೂ ತೆರೆದಿರುತ್ತದೆ, ದುಡ್ಡಿಲ್ಲ.

ನಿಮಗೆ ಇನ್ನೊಂದು ದಿನ ಸಿಕ್ಕರೆ ಮಾತ್ರ ಬೀಟಿಯಿಂದ 150 ಕಿಲೋಮೀಟರ್ ಉತ್ತರಕ್ಕೆ ಟೊನೊಪಾ. ಅಲ್ಲಿ ಬೆಳ್ಳಿ ಗಣಿಯನ್ನೇ ಬಯಲು ಮ್ಯೂಸಿಯಂ ಮಾಡಿದ್ದಾರೆ. ಆರು ದಿನದಲ್ಲಿ ತುರುಕಬೇಡಿ.

ವಾಪಸ್ ಬರುವಾಗ ವೇಗಸ್ ಕಡೆ ಹೋಗದೆ ಅಮರ್ಗೋಸಾ ವ್ಯಾಲಿಯಲ್ಲಿ ಬಲಕ್ಕೆ ತಿರುಗಿ, 373ನೇ ರಸ್ತೆ, ಅದೇ ಮುಂದೆ 127 ಆಗುತ್ತದೆ. ಡೆತ್ ವ್ಯಾಲಿ ಜಂಕ್ಷನ್ ಬರುತ್ತದೆ. ಬಿಳಿಗಾರ ಕಂಪನಿ 1920ರ ದಶಕದಲ್ಲಿ ಕಟ್ಟಿದ, ಈಗ ಹೆಚ್ಚುಕಡಿಮೆ ಖಾಲಿಯಾದ ಊರು. 1967ರಲ್ಲಿ ನ್ಯೂಯಾರ್ಕಿನ ನರ್ತಕಿ ಮಾರ್ಟಾ ಬೆಕೆಟ್ ಅವರ ಗಾಡಿಯ ಟೈರ್ ಇಲ್ಲಿ ಪಂಕ್ಚರ್ ಆಯಿತು. ರಿಪೇರಿ ಆಗುವವರೆಗೆ ಸುತ್ತಾಡುತ್ತಾ ಪಾಳುಬಿದ್ದ ಸಭಾಂಗಣದ ಬಾಗಿಲ ತೂತಿನಿಂದ ಒಳಗೆ ನೋಡಿದರು, ಅಲ್ಲೇ ಉಳಿದುಬಿಟ್ಟರು. ಅದನ್ನು ಬಾಡಿಗೆಗೆ ಹಿಡಿದು, ಅಮರ್ಗೋಸಾ ಆಪೆರಾ ಹೌಸ್ ಅಂತ ಹೆಸರಿಟ್ಟು, 1968ರಿಂದ ಕುಣಿಯತೊಡಗಿದರು. ನೋಡಲು ಬರುವವರು ಕಡಿಮೆ, ಕೆಲವು ರಾತ್ರಿ ಯಾರೂ ಇಲ್ಲ. ಆಗ ಗೋಡೆಗಳ ಮೇಲೆ ಪ್ರೇಕ್ಷಕರನ್ನೇ ಬರೆದರು, ನಾಲ್ಕು ವರ್ಷ ಕೂತು. ನಡುವೆ ರಾಜ ರಾಣಿ, ಸುತ್ತ ಸನ್ಯಾಸಿಗಳು, ಗೂಳಿಕಾಳಗದವರು, ಸಾಲು ಸಾಲು ಜನ. ವಯಸ್ಸು ಎಂಬತ್ತು ದಾಟುವವರೆಗೂ ವೇದಿಕೆ ಹತ್ತಿದರು, 2017ರಲ್ಲಿ ತೀರಿಕೊಂಡರು. ಒಳಗೆ ನೋಡಲು ಪಕ್ಕದ ಹೋಟೆಲಿನ ಕೌಂಟರಿನಲ್ಲಿ ಕೇಳಬೇಕು, ಹಿಂದಿನ ದಿನವೇ ಫೋನ್ ಮಾಡಿದರೆ ವಾಸಿ. ಒಳಗೆ ಹೋದರೆ ವೇದಿಕೆ ಹತ್ತಿರ ನಿಂತು ಹಿಂದಕ್ಕೆ ತಿರುಗಿ ನೋಡಿ. ಅವರಿಗೆ ಪ್ರತಿ ರಾತ್ರಿ ಕಾಣುತ್ತಿದ್ದದ್ದು ಅದು.

ಅಲ್ಲಿಂದ ಸುಮಾರು 45 ಕಿಲೋಮೀಟರ್ ಶೋಶೋನ್, ಕೊನೆಯ ಮ್ಯೂಸಿಯಂ. ಹತ್ತಿರದಲ್ಲೇ ಸಿಕ್ಕಿದ ಮ್ಯಾಮತ್ ಆನೆಯ ಮೂಳೆಗಳು ಒಂದು ಕೋಣೆಯಲ್ಲಿವೆ. ಈ ಒಣ ನೆಲದಲ್ಲಿ ಆನೆ ಮೇಯುವಷ್ಟು ಹಸಿರು, ನೀರು ಒಂದು ಕಾಲಕ್ಕೆ ಇತ್ತು. ಊರ ಪಕ್ಕದ ಡಬ್ಲಿನ್ ಗಲ್ಚ್‌ನಲ್ಲಿ ಗಣಿ ಕೆಲಸದವರು ಜೇಡಿಮಣ್ಣಿನ ದಿಬ್ಬ ಕೊರೆದು ಮಾಡಿಕೊಂಡ ಮನೆಗಳಿವೆ, ಬಾಗಿಲು, ಒಲೆಯ ಹೊಗೆ ಕೊಳವೆ ಸಮೇತ. ದಿಬ್ಬದ ಬುಡದವರೆಗೆ ಕಾರು ಹೋಗುತ್ತದೆ. ಶೋಶೋನ್‌ನಲ್ಲಿ ಊಟ ಮುಗಿಸಿ ಮಧ್ಯಾಹ್ನ ಎರಡರೊಳಗೆ ಹೊರಡಿ. ಬೇಕರ್‌ವರೆಗೆ ಸುಮಾರು 90 ಕಿಲೋಮೀಟರ್ ನಡುವೆ ಏನೂ ಇಲ್ಲ. ಅಲ್ಲಿ 15ನೇ ಹೆದ್ದಾರಿ ಸಿಗುತ್ತದೆ, ಟ್ರಾಫಿಕ್ ನೋಡಿಕೊಂಡು ರಾತ್ರಿಯೊಳಗೆ ಲಾಸ್ ಏಂಜಲೀಸ್ ಸೇರಬಹುದು. ಬಾರ್ಸ್ಟೋ ದಾಟುವಾಗ 1911ರ ಹಳೆ ರೈಲು ನಿಲ್ದಾಣದೊಳಗಿನ ಮ್ಯೂಸಿಯಂ ತೆರೆದಿದೆಯಾ ಅಂತ ಅಪ್ಪ ಕೇಳಿದರೆ ಬೆಳಿಗ್ಗೆಯೇ ಫೋನ್ ಮಾಡಿಟ್ಟುಕೊಂಡಿರಿ.